ಪಾದದ ಹುಣ್ಣು: ಎಬಿಐ, ಬೆರಳಿನ ಒತ್ತಡ, ಚರ್ಮದ ಆಕ್ಸಿಜನ್ – ಯಾವ ಪರೀಕ್ಷೆ?

ಸಕ್ಕರೆ ಕಾಯಿಲೆ ಇರುವ ನಿಮ್ಮ ತಂದೆಯವರ ಪಾದದ ಹುಣ್ಣಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಅಂತ ನೋಡಲು ಯಾವ ಪರೀಕ್ಷೆ ಮಾಡಿಸೋದು ಅಂತ ಕೇಳಿದ್ದೀರಿ.

ಸುಲಭ, ಅಗ್ಗ ಎಂದರೆ ಎಬಿಐ. ಕಣಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸುತ್ತಾರೆ, ಅಷ್ಟೇ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿಕೊಂಡಿರುವ ಸೂಚನೆ. ಆದರೆ ಹಳೇ ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಗಟ್ಟಿಯಾಗಿರುತ್ತವೆ. ಆಗ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ. ‘ನಾರ್ಮಲ್’ ಅಂದ ಮಾತ್ರಕ್ಕೆ ದಯವಿಟ್ಟು ನಿರಾಳ ಆಗಬೇಡಿ.

ಅಂಥವರಿಗೆ ಕಾಲಿನ ಹೆಬ್ಬೆರಳಿನ ರಕ್ತದ ಒತ್ತಡ ಅಳೆಯುವುದು ಹೆಚ್ಚು ನಂಬಿಕಸ್ತ. ಆದರೆ ಅದಕ್ಕೆ ಬೆರಳು ಉಳಿದಿರಬೇಕು, ಅಲ್ವಾ? ಬೆರಳಲ್ಲೇ ಹುಣ್ಣಿದ್ದರೂ ಕಷ್ಟ.

ಚರ್ಮದ ಮೂಲಕ ಆಕ್ಸಿಜನ್ ಅಳೆಯುವುದು ನೇರವಾದ ದಾರಿ. ಹುಣ್ಣಿನ ಪಕ್ಕ ಸೆನ್ಸರ್ ಅಂಟಿಸಿ, ಚರ್ಮವನ್ನು ಸುಮಾರು 44 ಡಿಗ್ರಿಗೆ ಬೆಚ್ಚಗೆ ಮಾಡುತ್ತಾರೆ. ಕಾಲು ಗಂಟೆಗೂ ಹೆಚ್ಚು ಅಲುಗಾಡದೆ ಮಲಗಬೇಕು. ಆಕ್ಸಿಜನ್ ಒತ್ತಡ 30 ಮಿ.ಮೀ. ಪಾದರಸಕ್ಕಿಂತ ಕಡಿಮೆ ಇದ್ದರೆ ಗಾಯ ತಾನಾಗಿ ಮಾಯುವುದು ಕಷ್ಟ. ಕಾಲಿನ ರಕ್ತನಾಳಕ್ಕೆ ಬೈಪಾಸ್, ಆಂಜಿಯೋಪ್ಲಾಸ್ಟಿ ಅಥವಾ ಬೆರಳು ತೆಗೆಯುವ ಮಾತು ಬಂದಿದ್ದರೆ ಇದನ್ನು ಕೇಳಿ ಮಾಡಿಸಿ. ಯಂತ್ರ ದುಬಾರಿ, ಎಲ್ಲ ಕಡೆ ಇರುವುದಿಲ್ಲ. ಪಾದ ಊದಿದ್ದರೆ, ಸೋಂಕಿದ್ದರೆ ಅಂಕಿ ತಪ್ಪಿ ಕಡಿಮೆ ಬರಬಹುದು. ಅಂಗಾಲಿನ ದಪ್ಪ ಚರ್ಮಕ್ಕೂ ಇದು ಒಗ್ಗದು.

ಹುಣ್ಣು ಕಪ್ಪಾಗುತ್ತಿದ್ದರೆ ಪರೀಕ್ಷೆ ಆರಿಸುತ್ತಾ ಕೂರಬೇಡಿ, ಇವತ್ತೇ ರಕ್ತನಾಳದ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ.