ಕೆಂಪು ಪಟ್ಟಿಯ ಪೊಲೀಸರು: ಜಮೈಕಾದ ಪೊಲೀಸ್ ಸೇವೆಗೆ ನಾನು ಕೊಡುವ ಅಂಕ

ಜಮೈಕಾಕ್ಕೆ ಕೆಲಸಕ್ಕೆಂದು ಹೊರಟ ಕನ್ನಡಿಗರು, ಹೆಚ್ಚಾಗಿ ದಾದಿಯರು, ಶಿಕ್ಷಕರು, ವೈದ್ಯರು, ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಾಡಿಗೆಯ ಬಗ್ಗೆ. ಎರಡನೆಯದು ಪೊಲೀಸರ ಬಗ್ಗೆ. ಬಾಡಿಗೆಯ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರಿಸಬಹುದು. ಎರಡನೆಯದಕ್ಕೆ ಆಗುವುದಿಲ್ಲ. ಹಾಗಾಗಿ ಜಮೈಕಾ ಕಾನ್‌ಸ್ಟ್ಯಾಬ್ಯುಲರಿ ಫೋರ್ಸ್ ಎಂಬ ಸೇವೆಯನ್ನು, ಅದನ್ನು ಬಳಸುವವರಲ್ಲಿ ಒಬ್ಬರಾಗಿ, ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಕಿಂಗ್‌ಸ್ಟನ್‌ನ ಔಷಧಿ ಅಂಗಡಿಯೊಂದರಲ್ಲಿ ನನ್ನ ದುಡಿಮೆ. ರಕ್ತದೊತ್ತಡದ ಮಾತ್ರೆಗೆ ಬಂದವರು ಚೀಟಿ ಕೊಡುವ ಮೊದಲೇ ಊರಿನ ಸುದ್ದಿ ಕೊಡುತ್ತಾರೆ, ಆ ಸುದ್ದಿಯಲ್ಲಿ ಪೊಲೀಸರು ಇಲ್ಲದ ದಿನ ಅಪರೂಪ. ಅವರ ಮಾತು ಕೇಳುತ್ತಾ ನನಗೆ ಅರ್ಥವಾದದ್ದು ಇಷ್ಟು: ಇಲ್ಲಿನ ಜನ ಪೊಲೀಸರ ಪರ, ಪೊಲೀಸರ ವಿರುದ್ಧ ಎಂದು ಎರಡು ಬಣವಾಗಿ ಒಡೆದಿಲ್ಲ. ಎರಡೂ ಅಭಿಪ್ರಾಯ ಒಬ್ಬರೊಳಗೇ ಇರುತ್ತವೆ. ಕೊಲೆಗಳು ಕಡಿಮೆಯಾದವು ಎಂದು ದೇವರಿಗೆ ಕೈಮುಗಿಯುವ ತಾಯಿಯೇ, ಮಗ ರಾತ್ರಿ ಹತ್ತಾದರೂ ಮನೆಗೆ ಬರದಿದ್ದರೆ ಬಂದೂಕಿನ ಗ್ಯಾಂಗಿನಷ್ಟೇ ಪೊಲೀಸ್ ಜೀಪಿಗೂ ಹೆದರುತ್ತಾಳೆ. ಇದರಲ್ಲಿ ಗೊಂದಲವೇನೂ ಇಲ್ಲ. ಎರಡೂ ಅವಳು ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಅಭಿಪ್ರಾಯಗಳು.

ಮೊದಲು ಕಚೇರಿಯ ಕೆಲಸದ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ಬಂದವರಿಗೆ ಹೆಚ್ಚಾಗಿ ಬೀಳುವುದು ಇದೇ. ಬೇರೆ ದೇಶದ ವಲಸೆ ಅರ್ಜಿಗೆ ಪೊಲೀಸ್ ಪ್ರಮಾಣಪತ್ರ ಬೇಕಾಗುತ್ತದೆ. ಜನ ಅದನ್ನು ಪೊಲೀಸ್ ರೆಕಾರ್ಡ್ ಎಂದೇ ಕರೆಯುತ್ತಾರೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಪೇಟೆಯ ಡ್ಯೂಕ್ ಸ್ಟ್ರೀಟ್‌ನಲ್ಲಿರುವ ಕಚೇರಿಗೆ ಬೆರಳಚ್ಚು ಕೊಡಲು ಹೋದೆ. ದಿನವಿಡೀ ಸ್ಯಾನಿಟೈಸರ್ ಹಚ್ಚಿ ಹಚ್ಚಿ ನನ್ನ ಬೆರಳ ತುದಿಗಳು ಸವೆದು ಒಣಗಿದ್ದವು. ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಒಪ್ಪಲೇ ಇಲ್ಲ. ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಸಿಡುಕಲಿಲ್ಲ. ಮೇಜಿನ ಸೆಳೆಖಾನೆಯಿಂದ ಲೋಷನ್ ತೆಗೆದು ಎರಡು ಹನಿ ನನ್ನ ಅಂಗೈಗೆ ಹಾಕಿ, ಚೆನ್ನಾಗಿ ಉಜ್ಜಿಕೊಳ್ಳಲು ಹೇಳಿ, ನಂತರ ಒಂದೊಂದೇ ಬೆರಳನ್ನು ತಾನೇ ಹಿಡಿದು ಉಗುರಿನ ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ಹೊರಳಿಸಿದರು. ಹೆಬ್ಬೆರಳು ಮತ್ತೆ ಕೈಕೊಟ್ಟಾಗ ಹಿಂದೆ ನಿಂತವರ ಗೊಣಗಾಟಕ್ಕೆ ಕಿವಿಗೊಡದೆ ಇನ್ನೊಮ್ಮೆ ಮಾಡಿಸಿದರು. ಪತ್ರ ಹೇಳಿದ ದಿನಕ್ಕೆ ಕೈಸೇರಿತು. ಈ ವಿಭಾಗಕ್ಕೆ ನಾನು ಕಣ್ಣುಮುಚ್ಚಿ ಒಳ್ಳೆಯ ಅಂಕ ಕೊಡುತ್ತೇನೆ. ಕಳೆದ ಕೆಲವು ವರ್ಷಗಳಲ್ಲಿ ಹಲವು ಠಾಣೆಗಳ ಕಟ್ಟಡಗಳೂ ನವೀಕರಣಗೊಂಡಿವೆ. ದೂರು ಕೊಡಲು ಹೋದವರಿಗೆ ಸ್ವಚ್ಛವಾದ ಜಾಗದಲ್ಲಿ ಕುರ್ಚಿ ಸಿಗುವುದು ಸಣ್ಣ ವಿಷಯವಲ್ಲ.

ರಸ್ತೆಯ ತಪಾಸಣೆ ಇನ್ನೊಂದು. ಇಲ್ಲಿ ರಾತ್ರಿ ಪೊಲೀಸರೂ ಸೈನಿಕರೂ ಜೊತೆಯಾಗಿ ನಿಂತು ವಾಹನ ತಡೆಯುವುದು ಮಾಮೂಲು. ಕಿಟಕಿ ಇಳಿಸಿ ‘ಗುಡ್ ನೈಟ್, ಆಫಿಸರ್’ ಎನ್ನಬೇಕು. ಸಂಜೆಯ ನಂತರ ಇಲ್ಲಿ ಎದುರಾದವರಿಗೆ ಹೇಳುವ ನಮಸ್ಕಾರವೇ ಅದು. ಲೈಸೆನ್ಸ್, ನೋಂದಣಿ ಪತ್ರ, ಫಿಟ್‌ನೆಸ್, ವಿಮೆ ಇಷ್ಟನ್ನು ನೋಡಿ ಟಾರ್ಚ್ ಬೆಳಕನ್ನು ಹಿಂದಿನ ಸೀಟಿನ ಮೇಲೊಮ್ಮೆ ಆಡಿಸಿ ನನ್ನನ್ನು ಬಿಟ್ಟುಬಿಡುತ್ತಾರೆ. ನನಗೆ ಯಾವತ್ತೂ ಒರಟು ಮಾತು ಕೇಳಿಬಂದಿಲ್ಲ. ಆದರೆ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ, ಪಶ್ಚಿಮ ಕಿಂಗ್‌ಸ್ಟನ್‌ನ ಬಡ ಬಡಾವಣೆಯ ಯುವಕನನ್ನು ಒಮ್ಮೆ ಮನೆಗೆ ಬಿಡಲು ಹೊರಟಿದ್ದೆ. ದೂರದಲ್ಲಿ ನೀಲಿ ದೀಪ ಕಂಡದ್ದೇ ತಡ, ಅವನು ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಚ್ಚಿಟ್ಟ. ಯಾರೂ ಕೇಳಿರಲಿಲ್ಲ. ಅವನ ತಾಯಿ ಹನ್ನೆರಡನೆಯ ವಯಸ್ಸಿಗೇ ಕಲಿಸಿದ ಪಾಠವಂತೆ. ಅಂದು ಪೊಲೀಸರು ನಗುತ್ತಲೇ ನಮ್ಮನ್ನು ಕಳುಹಿಸಿದರು. ಆದರೂ ಒಂದೇ ಕಾರಿನಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ ಕುಳಿತ ನಾವಿಬ್ಬರೂ ಒಂದೇ ಸೇವೆಯ ಗ್ರಾಹಕರಲ್ಲ ಎಂಬುದು ನನಗೆ ಸ್ಪಷ್ಟವಾಯಿತು.

ಈ ಅಂತರ ಇವತ್ತಿನದಲ್ಲ. 1865ರಲ್ಲಿ ಮೊರಾಂಟ್ ಬೇಯಲ್ಲಿ ಪಾಲ್ ಬೋಗಲ್ ನೇತೃತ್ವದಲ್ಲಿ ಬಡ ಕರಿಯ ರೈತರು ದಂಗೆ ಎದ್ದರು. ಗವರ್ನರ್ ಎಡ್ವರ್ಡ್ ಐರ್ ಅದನ್ನು ರಕ್ತದಲ್ಲಿ ಮುಳುಗಿಸಿ ಬೋಗಲ್‌ನನ್ನು ಗಲ್ಲಿಗೇರಿಸಿದ. ಅಂಥ ದಂಗೆ ಮತ್ತೆ ಏಳಬಾರದೆಂದು 1867ರಲ್ಲಿ ಕಟ್ಟಿದ ಪಡೆಯೇ ಇದು. ಮಾದರಿ ಸಿಕ್ಕಿದ್ದು ಐರ್ಲೆಂಡಿನ ಸಶಸ್ತ್ರ ಪೊಲೀಸರಲ್ಲಿ. ಜನರ ರಕ್ಷಣೆಗಿಂತ ಜನರಿಂದ ತೋಟದ ಮಾಲೀಕರ ರಕ್ಷಣೆ ಮೊದಲ ಕೆಲಸವಾಗಿತ್ತು. ಬೋಗಲ್ ಇಂದು ರಾಷ್ಟ್ರೀಯ ವೀರ. ಅವನ ನಂತರ ಕಟ್ಟಿದ ಪಡೆ, ಪ್ಯಾಂಟಿನ ಬದಿಯ ಕೆಂಪು ಪಟ್ಟಿಯೊಂದಿಗೆ, ಇಂದಿಗೂ ಬೀದಿಯಲ್ಲಿದೆ. ಇಲ್ಲಿಯೇ ಹುಟ್ಟಿದ ಧಾರ್ಮಿಕ ಪಂಥದ ಅನುಯಾಯಿಗಳಾದ ರಾಸ್ತಫಾರಿಗಳು ಪೊಲೀಸರನ್ನು ಬ್ಯಾಬಿಲಾನ್, ಅಂದರೆ ದಬ್ಬಾಳಿಕೆಯ ಆಳ್ವಿಕೆ, ಎಂದು ಕರೆಯುವಾಗ ಅದರೊಳಗೆ ಈ ಇಡೀ ಚರಿತ್ರೆಯ ಕಹಿ ಇರುತ್ತದೆ.

ಈಗ ಸೇವೆಯ ಮುಖ್ಯ ಕೆಲಸಕ್ಕೆ ಬರೋಣ. ಸುಮಾರು 28 ಲಕ್ಷ ಜನರ ಈ ದ್ವೀಪದಲ್ಲಿ 2022ರಲ್ಲಿ 1,498 ಕೊಲೆಗಳಾದವು. ಲಕ್ಷಕ್ಕೆ ಐವತ್ತಕ್ಕೂ ಹೆಚ್ಚು. ನನ್ನ ಅಂಗಡಿಗೆ ಬರುವವರಲ್ಲಿ ಬಂಧುವನ್ನೋ ನೆರೆಯವನನ್ನೋ ಗುಂಡಿಗೆ ಕಳೆದುಕೊಳ್ಳದವರು ಕಡಿಮೆ. 2023ರಲ್ಲಿ ಅದು 1,393ಕ್ಕೆ ಇಳಿಯಿತು. 2024ರ ಮಾರ್ಚ್‌ನಲ್ಲಿ ಕೆವಿನ್ ಬ್ಲೇಕ್ ಕಮಿಷನರ್ ಆದರು, ಆ ವರ್ಷ ಸಂಖ್ಯೆ 1,140ರ ಆಸುಪಾಸಿಗೆ ಬಂತು. 2025ರಲ್ಲಿ 700ಕ್ಕೂ ಕೆಳಗೆ. ಮೂರು ದಶಕಗಳಲ್ಲಿ ಇಲ್ಲಿನವರು ಇಂಥದ್ದನ್ನು ಕಂಡಿರಲಿಲ್ಲ. ಗ್ಯಾಂಗುಗಳ ಮುಖಂಡರ ಬೆನ್ನು ಹತ್ತಿದ್ದು, ಅಕ್ರಮ ಬಂದೂಕುಗಳನ್ನು ವಶಪಡಿಸಿಕೊಂಡದ್ದು, ಗುಪ್ತ ಮಾಹಿತಿಯನ್ನು ಚುರುಕಾಗಿ ಬಳಸಿದ್ದು ಎಲ್ಲವೂ ಇದರ ಹಿಂದೆ ಇವೆ. ಈ ಕೆಲಸಕ್ಕೆ ನಾನು ಪೂರ್ತಿ ಮನಸ್ಸಿನಿಂದ ಕೃತಜ್ಞತೆ ಹೇಳುತ್ತೇನೆ. ಕತ್ತಲಾದ ಮೇಲೂ ಅಂಗಡಿ ಬಾಗಿಲು ತೆರೆದಿಡುವ ಧೈರ್ಯ ಬಂದಿದ್ದು ಈಚೆಗೆ. ಸಂಜೆಯ ಪ್ರಾರ್ಥನೆಗೆ ಚರ್ಚಿಗೆ ನಡೆದು ಹೋಗುತ್ತೇನೆ ಎಂದು ಒಬ್ಬ ನಿವೃತ್ತ ಶಿಕ್ಷಕಿ ಹೇಳಿದಾಗ ಅವರ ಮುಖದಲ್ಲಿದ್ದ ನಿರಾಳವನ್ನು ಯಾವ ಅಂಕಿಯೂ ತೋರಿಸಲಾರದು.

ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ಪೊಲೀಸರ ಗುಂಡಿಗೆ ಸತ್ತವರು 2023ರಲ್ಲಿ 155, 2024ರಲ್ಲಿ 189, 2025ರಲ್ಲಿ 300 ದಾಟಿತು. ಪ್ರತಿ ಸಲವೂ ಹೇಳಿಕೆ ಒಂದೇ ಅಚ್ಚಿನಲ್ಲಿ ಬರುತ್ತದೆ: ತಂಡ ಕಾರ್ಯಾಚರಣೆಗೆ ಹೋಯಿತು, ಒಳಗಿನಿಂದ ಗುಂಡು ಹಾರಿತು, ಪೊಲೀಸರು ಮರುದಾಳಿ ಮಾಡಿದರು, ಒಂದು ಬಂದೂಕು ಸಿಕ್ಕಿತು. ಮರುದಿನ ಬೆಳಿಗ್ಗೆ ಆ ಬೀದಿಯ ಹೆಂಗಸರು ರಟ್ಟಿನ ತುಂಡಿನ ಮೇಲೆ ಮಾರ್ಕರ್‌ನಲ್ಲಿ ‘ನ್ಯಾಯ ಬೇಕು’ ಎಂದು ಬರೆದು, ಟೈರು ಸುಟ್ಟು, ರಸ್ತೆ ತಡೆದು, ಅವನು ಮಲಗಿದ್ದ, ಕೈಯಲ್ಲಿ ಏನೂ ಇರಲಿಲ್ಲ ಎನ್ನುತ್ತಾರೆ. ಎಷ್ಟೋ ಸಲ ಪೊಲೀಸರ ಮಾತೇ ನಿಜವಿರಬಹುದು. ಗ್ಯಾಂಗಿನವರ ಕೈಯಲ್ಲಿ ರೈಫಲ್‌ಗಳಿವೆ, ಪೊಲೀಸರೂ ಸತ್ತಿದ್ದಾರೆ. ಆದರೆ ಯಾವ ಸಲ ನಿಜ, ಯಾವ ಸಲ ಸುಳ್ಳು ಎಂದು ತಿಳಿಯಲು ಜನರ ಬಳಿ ಸಾಕ್ಷ್ಯವೇ ಇಲ್ಲ. ಮೈಮೇಲಿನ ಕ್ಯಾಮೆರಾಗಳನ್ನು ಪಡೆ ಖರೀದಿಸಿದೆ. ಗುಂಡು ಹಾರುವ ಸಾಧ್ಯತೆ ಹೆಚ್ಚಿರುವ ಯೋಜಿತ ಕಾರ್ಯಾಚರಣೆಗಳಲ್ಲೇ ಅವು ಇರುವುದಿಲ್ಲ ಎಂದು ಪೊಲೀಸರ ಮೇಲಿನ ದೂರುಗಳನ್ನು ನೋಡುವ ಇಂಡೆಕಾಮ್ ಆಯೋಗ ವರ್ಷಗಳಿಂದ ಹೇಳುತ್ತಾ ಬಂದಿದೆ. ಸಂಚಾರಿ ಪೊಲೀಸನ ಎದೆಯ ಮೇಲೆ ಕ್ಯಾಮೆರಾ ಇದ್ದು, ಮುಂಜಾನೆ ನಾಲ್ಕಕ್ಕೆ ಬಾಗಿಲು ಒಡೆಯುವ ತಂಡದ ಮೇಲೆ ಇಲ್ಲದಿದ್ದರೆ ಅದರಿಂದ ಯಾರಿಗೆ ಏನು ಪ್ರಯೋಜನ? ಇದನ್ನು ನಾನು ಈ ಸೇವೆಯ ಅತಿ ದೊಡ್ಡ ಲೋಪ ಎಂದು ಪರಿಗಣಿಸುತ್ತೇನೆ.

ಇಂಡೆಕಾಮ್ ಎಂದರೆ ಪೊಲೀಸರ ಮತ್ತು ಸೈನಿಕರ ಮೇಲಿನ ದೂರುಗಳನ್ನು ತನಿಖೆ ಮಾಡಲು 2010ರಲ್ಲಿ ಕಾನೂನಿನ ಮೂಲಕ ಹುಟ್ಟಿದ ಸ್ವತಂತ್ರ ಆಯೋಗ. ಅದು ಏನು ಮಾಡಬಲ್ಲದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2013ರಲ್ಲಿ ಪೊಲೀಸರು ಮತ್ತು ಸೈನಿಕರ ಗುಂಡಿಗೆ 258 ಜನ ಸತ್ತಿದ್ದರು. ಆಯೋಗ ಕ್ಲಾರೆಂಡನ್ ಪ್ರಾಂತ್ಯದಲ್ಲಿ ಪೊಲೀಸರ ಮೇಲೆಯೇ ಕೊಲೆ ಆರೋಪ ಹೊರಿಸಿದ 2014ರಲ್ಲಿ ಆ ಸಂಖ್ಯೆ 115ಕ್ಕೆ ಇಳಿಯಿತು. ಅಂದರೆ ನೋಡುವವರಿದ್ದಾರೆ ಎಂದು ಗೊತ್ತಾದರೆ ಬಂದೂಕಿನ ಕುದುರೆ ಎಳೆಯುವ ಬೆರಳೂ ಯೋಚಿಸುತ್ತದೆ. ನಂತರ ಪೊಲೀಸರ ಸಂಘ ನ್ಯಾಯಾಲಯಕ್ಕೆ ಹೋಯಿತು. ಆಯೋಗದ ತನಿಖಾಧಿಕಾರಿಗಳಿಗೆ ಬಂಧಿಸುವ, ಮೊಕದ್ದಮೆ ಹೂಡುವ ಅಧಿಕಾರವಿಲ್ಲ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ 2020ರಲ್ಲಿ ಜಮೈಕಾದ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಹೇಳಿದವು. ಆ ಅಧಿಕಾರವನ್ನು ಕಾನೂನು ತಿದ್ದಿ ಮರಳಿ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹಲ್ಲಿಲ್ಲದ ಕಾವಲು ನಾಯಿಯನ್ನು ಕಳ್ಳನೂ ಲೆಕ್ಕಿಸುವುದಿಲ್ಲ, ಮನೆಯವನೂ ನಂಬುವುದಿಲ್ಲ.

ಟಿವೋಲಿ ಗಾರ್ಡನ್ಸ್ ಹೆಸರು ಹೇಳದೆ ಈ ಮಾತು ಮುಗಿಯದು. ಮಾದಕವಸ್ತು ಗ್ಯಾಂಗಿನ ಮುಖಂಡ ಕ್ರಿಸ್ಟೋಫರ್ ‘ಡೂಡಸ್’ ಕೋಕ್‌ನನ್ನು ಅಮೆರಿಕಕ್ಕೆ ಒಪ್ಪಿಸಲು 2010ರ ಮೇ 24ರಂದು ಪೊಲೀಸರೂ ಸೈನಿಕರೂ ಅವನ ಕೋಟೆಯಂತಿದ್ದ ಆ ಬಡಾವಣೆಗೆ ನುಗ್ಗಿದರು. ಕನಿಷ್ಠ 69 ನಾಗರಿಕರು ಸತ್ತರು. ಕೋಕ್ ಅಂದು ಸಿಗಲಿಲ್ಲ; ಸಿಕ್ಕಿದ್ದು ಮುಂದಿನ ತಿಂಗಳು, ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನಲ್ಲಿ, ಒಂದು ಗುಂಡೂ ಹಾರದೆ. ಡೇವಿಡ್ ಸಿಮ್ಮನ್ಸ್ ಅಧ್ಯಕ್ಷತೆಯ ವಿಚಾರಣಾ ಆಯೋಗ 2016ರಲ್ಲಿ ವರದಿ ಕೊಟ್ಟಿತು, 2017ರ ಡಿಸೆಂಬರ್‌ನಲ್ಲಿ ಪ್ರಧಾನಿ ಆಂಡ್ರ್ಯೂ ಹೋಲ್ನೆಸ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಬಡಾವಣೆಯ ಹಿರಿಯರು ಔಷಧಿಗೆ ಬಂದಾಗ ಅದರ ಬಗ್ಗೆ ಮಾತನಾಡುವುದಿಲ್ಲ. ನಾನೂ ಕೇಳುವುದಿಲ್ಲ.

ಠಾಣೆಯ ಲಾಕಪ್‌ಗಳ ಹೆಸರಂತೂ ಮೊದಲಿನಿಂದಲೂ ಕೆಟ್ಟದ್ದು. 2014ರ ಆಗಸ್ಟ್‌ನಲ್ಲಿ ಮಾಂಟೆಗೊ ಬೇಯಲ್ಲಿ ಒಂದು ಗಾಂಜಾ ಬೀಡಿಗಾಗಿ ಹಿಡಿದು ತಂದ ಯುವಕನೊಬ್ಬ ಲಾಕಪ್‌ನಲ್ಲಿ ಹೊಡೆತ ತಿಂದು, ದೇಶದ ಸ್ವಾತಂತ್ರ್ಯ ದಿನದಂದೇ ಆಸ್ಪತ್ರೆಯಲ್ಲಿ ಸತ್ತ. ಆ ಸಿಟ್ಟು ಇನ್ನೂ ಆರದಿರುವಾಗಲೇ, 2015ರಲ್ಲಿ ಕಾನೂನು ಬದಲಾಯಿತು. ಎರಡು ಔನ್ಸ್‌ವರೆಗಿನ ಗಾಂಜಾ ಈಗ ಕ್ರಿಮಿನಲ್ ಅಪರಾಧವಲ್ಲ, 500 ಜಮೈಕಾ ಡಾಲರ್ ದಂಡದ ಚೀಟಿ ಅಷ್ಟೇ. ಬೀದಿಯ ಹುಡುಗರನ್ನು ಲಾಕಪ್‌ನಿಂದ ದೂರವಿಡುವಲ್ಲಿ ಈ ತಿದ್ದುಪಡಿಯಷ್ಟು ಉಪಕಾರ ಮಾಡಿದ್ದು ಬೇರೆ ಯಾವುದೂ ಇರಲಾರದು.

ಇಷ್ಟೆಲ್ಲ ಇದ್ದೂ ಜನ ಪೊಲೀಸರು ಬೇಡ ಎನ್ನುವುದಿಲ್ಲ. 2018ರಲ್ಲಿ ಸೇಂಟ್ ಜೇಮ್ಸ್ ಪ್ರಾಂತ್ಯದಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ ಅಲ್ಲಿನ ಕೊಲೆಗಳು ಹಿಂದಿನ ವರ್ಷದ ಮೂರನೇ ಒಂದು ಭಾಗಕ್ಕೆ ಕುಸಿದವು, ಜನ ಅದನ್ನು ಮುಂದುವರಿಸಿ ಎಂದರು. ಅದೇ ಬಗೆಯ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಕೂಡಿಹಾಕಿದ್ದು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಾಗಲೂ ಅದೇ ಜನ ಸರಿ ಎಂದರು. ಬೇಕಿರುವುದು ರಕ್ಷಣೆ, ಆದರೆ ತಮ್ಮ ಮಕ್ಕಳ ತಲೆಯ ಬೆಲೆಗಲ್ಲ. ಜನ ಇದಕ್ಕಿಂತ ಹೆಚ್ಚೇನನ್ನೂ ಕೇಳುತ್ತಿಲ್ಲ.

ಪೊಲೀಸರ ಕಷ್ಟವನ್ನೂ ಹೇಳಬೇಕು. ಕಣ್ಣಿಗೆ ಕಂಡರೂ ಕುರುಡ, ಕಿವಿಗೆ ಬಿದ್ದರೂ ಕಿವುಡ ಎಂದು ಇರುವುದೇ ಇಲ್ಲಿನ ಬಡಾವಣೆಗಳ ಅಲಿಖಿತ ನಿಯಮ. ಸಾಕ್ಷಿ ಹೇಳಿದವನನ್ನು ಇನ್‌ಫಾರ್ಮರ್ ಎಂದು ಕೊಂದ ಉದಾಹರಣೆಗಳು ಎಲ್ಲರಿಗೂ ಗೊತ್ತು. ಸಾಕ್ಷಿಗಳಿಲ್ಲದೆ ಮೊಕದ್ದಮೆ ನಿಲ್ಲುವುದಿಲ್ಲ, ಮೊಕದ್ದಮೆ ನಿಲ್ಲದೆ ಪೊಲೀಸರ ಮೇಲೆ ನಂಬಿಕೆ ಬರುವುದಿಲ್ಲ, ನಂಬಿಕೆ ಇಲ್ಲದೆ ಸಾಕ್ಷಿ ಬರುವುದಿಲ್ಲ. ಈ ಸುಳಿಯೊಳಗೆ ಪ್ರಾಮಾಣಿಕವಾಗಿ ದುಡಿಯುವ ಪತ್ತೇದಾರರನ್ನು ನಾನು ಬಲ್ಲೆ, ಅವರಿಗೂ ನಾನೇ ರಕ್ತದೊತ್ತಡದ ಮಾತ್ರೆ ಕೊಡುವುದು.

ನನ್ನ ಅಂಕ ಐದಕ್ಕೆ ಮೂರು. ಕಚೇರಿಯ ಸೇವೆಗಷ್ಟೇ ಆದರೆ ನಾಲ್ಕೂವರೆ, ಕೊಲೆ ಇಳಿಸಿದ್ದಕ್ಕೆ ನಾಲ್ಕು. ಉತ್ತರದಾಯಿತ್ವಕ್ಕೆ ಒಂದರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ, ಮತ್ತು ನನ್ನ ಲೆಕ್ಕದಲ್ಲಿ ಅದರ ತೂಕವೇ ಹೆಚ್ಚು. ಬಾಗಿಲು ಒಡೆಯುವ ಪ್ರತಿ ತಂಡದ ಮೇಲೂ ಕ್ಯಾಮೆರಾ ಬಂದ ವರ್ಷ ಈ ಅಂಕವನ್ನು ತಿದ್ದುತ್ತೇನೆ.

ಹೊಸದಾಗಿ ಬರುವವರಿಗೆ: ಪೊಲೀಸರಿಗೆ 119, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 110. ಹೆಸರು ಹೇಳದೆ ಮಾಹಿತಿ ಕೊಡಬೇಕಿದ್ದರೆ 311. ಕಾರಿನಲ್ಲಿ ಕಾಗದಪತ್ರಗಳು ಕೈಗೆಟಕುವಂತಿರಲಿ, ತಡೆದವರಿಗೆ ಮೊದಲು ನಮಸ್ಕಾರ ಹೇಳಿ. ಪೊಲೀಸರ ವಿರುದ್ಧ ದೂರಿದ್ದರೆ ಇಂಡೆಕಾಮ್ ಕಚೇರಿ ಕಿಂಗ್‌ಸ್ಟನ್‌ನಲ್ಲೇ ಇದೆ. ಘಟನೆಯ ಸಮಯ, ಸ್ಥಳ, ಅಧಿಕಾರಿಯ ಸಂಖ್ಯೆ, ಜೀಪಿನ ಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಂಡು ಹೋಗಿ.