ಪ್ಲಾಟ್ ನದಿಯಲ್ಲಿ ತಿರುಗುರೆಕ್ಕೆಯೋ, ಜಗ್ಗುಹುರಿಯೋ?

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪ್ಲಾಟ್ ನದಿ ಅಗಲಕ್ಕೆ ಹರಡಿಕೊಂಡಿದ್ದರೂ ಹಲವು ಕಡೆ ನೀರು ಮೊಣಕಾಲು ದಾಟುವುದಿಲ್ಲ. ಡಿಸೆಂಬರಿನಲ್ಲಿ ಸುತ್ತಲಿನ ಕೆರೆಕುಂಟೆಗಳು ಹೆಪ್ಪುಗಟ್ಟಿದ ಮೇಲೆ ಮಲ್ಲಾರ್ಡ್ ಬಾತುಗಳಿಗೆ ಹರಿಯುವ ನೀರೇ ಗತಿ. ಅವುಗಳನ್ನು ಬೇಟೆಗೆ ಸೆಳೆಯಲು ತೇಲಿಬಿಡುವ ಬೊಂಬೆ ಬಾತಿಗೆ ನಮ್ಮಲ್ಲಿ ಹಳೆಯ ಮಾತೊಂದಿದೆ: ದೀವ. ಜೀವಂತ ಬಾತುಗಳನ್ನೇ ಕಟ್ಟಿ ದೀವ ಮಾಡುವುದನ್ನು ಅಮೆರಿಕ 1935ರಲ್ಲೇ ನಿಷೇಧಿಸಿತು. ಹಾಗಾಗಿ ಬೊಂಬೆಗೆ ಚಲನೆ ಕೊಡುವುದು ಹೇಗೆ ಎಂಬುದೇ ಇಲ್ಲಿನ ಬೇಟೆಗಾರರ ನಿತ್ಯದ ಚರ್ಚೆ. (ಕರ್ನಾಟಕದ ಕೆರೆಗಳಲ್ಲಿ ಬಾತಿನ ಬೇಟೆಗೆ ಅವಕಾಶವಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.) ನೆರೆಮನೆಯ ಹಿರಿಯರೊಂದಿಗೆ ಮೂರು ಚಳಿಗಾಲ ಮೋಟಾರಿನ ತಿರುಗುರೆಕ್ಕೆ, ಕೈಯಿಂದ ಎಳೆಯುವ ಜಗ್ಗುಹುರಿ, ಈ ಎರಡು ಬಗೆಯನ್ನೂ ಹಚ್ಚಿ ನೋಡಿದ್ದೇನೆ.

ತಿರುಗುರೆಕ್ಕೆಯ ಬೊಂಬೆಯನ್ನು ಕಂಬದ ಮೇಲೆ ನಿಲ್ಲಿಸುತ್ತಾರೆ. ರೆಕ್ಕೆಯ ಒಂದು ಮೈ ಕಪ್ಪು, ಇನ್ನೊಂದು ಬಿಳಿ. ಮೋಟಾರು ತಿರುಗಿಸಿದಾಗ ಮಿಣುಕುವ ಬೆಳಕು, ಇಳಿಯುತ್ತಿರುವ ಬಾತಿನಂತೆ ಬಹಳ ದೂರಕ್ಕೆ ಕಾಣುತ್ತದೆ. ನವೆಂಬರಿನ ಬಿಸಿಲ ಬೆಳಗಿನಲ್ಲಿ ಇದಕ್ಕೆ ಸಾಟಿಯಿಲ್ಲ. ನದಿಯ ಜಾಡು ಹಿಡಿದು ಎತ್ತರದಲ್ಲಿ ಹೋಗುತ್ತಿದ್ದ ಹಿಂಡು ತಟ್ಟನೆ ತಿರುಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆದರೆ ನದಿಯ ಮರಳು ಇದಕ್ಕೆ ಒಗ್ಗುವುದಿಲ್ಲ. ಸೆಳವು ಕಂಬದ ಬುಡದ ಮರಳನ್ನು ಕೊರೆಯುತ್ತದೆ, ಗಂಟೆಯೊಳಗೆ ಕಂಬ ವಾಲುತ್ತದೆ. ಕೊರೆಯುವ ಚಳಿಗೆ ಬ್ಯಾಟರಿಯೂ ಬೇಗ ಸೋಲುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಎಂಟು ಮಲ್ಲಾರ್ಡ್‌ಗಳು ಕಿತ್ತಳೆ ಕಾಲುಗಳನ್ನು ಚಾಚಿಕೊಂಡೇ ಇಳಿದು ಬಂದವು. ಇನ್ನೇನು ನೀರು ಮುಟ್ಟಬೇಕು, ಆ ಮಿಣುಕಿಗೆ ಬೆದರಿ ಒಂದೇ ಸಮನೆ ಮೇಲೆದ್ದು ಹೋದವು. ಉತ್ತರದಿಂದ ಇಳಿಯುವ ದಾರಿಯುದ್ದಕ್ಕೂ ಅಂಥದ್ದನ್ನು ನೋಡಿ ನೋಡಿ ಅವು ಪಾಠ ಕಲಿತಿರುತ್ತವೆ.

ಜಗ್ಗುಹುರಿಗೆ ಬ್ಯಾಟರಿ ಬೇಡ. ಒಂದು ಕಬ್ಬಿಣದ ಗೂಟ, ಅದಕ್ಕೆ ಮೊಳದುದ್ದದ ರಬ್ಬರ್ ಹಗ್ಗ, ಅದರಿಂದ ನಾವು ಅಡಗಿ ಕೂರುವ ಮರೆಯವರೆಗೆ ಹುರಿ, ಹುರಿಗೆ ನಾಲ್ಕು ಬೊಂಬೆ. ಎಳೆದರೆ ಬೊಂಬೆಗಳು ಮುಂದೆ ಬರುತ್ತವೆ, ಬಿಟ್ಟರೆ ರಬ್ಬರ್ ಹಿಂದಕ್ಕೆ ಸೆಳೆಯುತ್ತದೆ. ಮೊದಲ ವರ್ಷ ಇದನ್ನು ನಡುಸೆಳವಿನಲ್ಲಿ ಹಾಕಿ ಕೆಟ್ಟೆವು. ಅಲ್ಲಿ ನೀರೇ ಎಲ್ಲ ಬೊಂಬೆಗಳನ್ನು ಅಲ್ಲಾಡಿಸುತ್ತಿರುತ್ತದೆ. ನಮ್ಮ ಎಳೆತ ಲೆಕ್ಕಕ್ಕೇ ಬರುವುದಿಲ್ಲ, ಬೊಂಬೆಯ ಮೂಗು ಮಾತ್ರ ಮುಳುಗುತ್ತದೆ. ನಿಜವಾದ ಬಾತು ಸೆಳವಿನಲ್ಲಿ ಈಜಿ ದಣಿಯಲು ಬಯಸುವುದಿಲ್ಲ. ಮರಳುದಿನ್ನೆಯ ಕೆಳಬದಿಯಲ್ಲಿ ನೀರು ಸುಸ್ತಾಗಿ ನಿಲ್ಲುವ ಕಡೆ ಅದು ಕೂರುತ್ತದೆ. ಬೊಂಬೆಗಳು ಸತ್ತಂತೆ ಕಾಣುವುದೂ ಅಲ್ಲಿಯೇ. ಹುರಿಯನ್ನು ಅಲ್ಲಿಗೆ ಸರಿಸಿದ ದಿನದಿಂದ ಫಲ ಬೇರೆಯಾಯಿತು. ಒಂದು ಎಳೆತಕ್ಕೆ ಎದ್ದ ಅಲೆಯುಂಗುರಗಳು ದಡದವರೆಗೂ ಹರಡಿ, ಸುಮ್ಮನೆ ತೇಲುತ್ತಿದ್ದ ಉಳಿದ ಬೊಂಬೆಗಳನ್ನೂ ತೂಗಿದವು. ಹಿಂಡು ತಿರುವು ತೆಗೆದುಕೊಂಡು ದೂರವಾಗುವಾಗ ಎಳೆಯಬೇಕು, ನೆತ್ತಿಯ ಮೇಲಿದ್ದಾಗ ಕೈ ಬಿಡಬೇಕು.

ನೀರು ಚಿಮ್ಮಿಸುವ ಪಂಪಿನ ಬೊಂಬೆಯನ್ನೂ ತಂದಿದ್ದೆವು. ಮರಳು ಕುಡಿದು ಅದು ಎರಡನೇ ದಿನವೇ ಕೆಟ್ಟಿತು.

ಕಾನೂನಿನ ಮಾತೂ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ ಬ್ಯಾಟರಿಯ ಬೊಂಬೆಗೆ ಅನುಮತಿಯಿಲ್ಲ. ಕೈಯಿಂದ ಎಳೆಯುವ ಹುರಿಗೆ ಅಂಥ ತೊಡಕಿಲ್ಲ.

ನನ್ನ ಆಯ್ಕೆ ಹುರಿಯೇ. ತಿರುಗುರೆಕ್ಕೆ ನವೆಂಬರಿಗೆ ಸಾಕು, ಅದೂ ರಿಮೋಟ್ ಇದ್ದರೆ, ಹಿಂಡು ಹತ್ತಿರವಾದೊಡನೆ ನಿಲ್ಲಿಸಲು. ಹುರಿಯ ಕಷ್ಟ ಬೆರಳುಗಳಿಗೆ: ಹತ್ತಿಯ ಹುರಿ ನೀರು ಕುಡಿದು ಮಂಜುಗಟ್ಟಿ ಕೋಲಿನಂತಾಗುತ್ತದೆ. ಈ ವರ್ಷ ನೈಲಾನ್ ಹುರಿ ಕಟ್ಟಿದ್ದೇವೆ.