ಒಂದೇ ರಕ್ತ ಪರೀಕ್ಷೆಗೆ ಇನ್ನೂರು ಅಲರ್ಜಿ ಹೇಳ್ತೀವಿ ಅನ್ನುವವರಿಂದ ನಿಮ್ಮ ಮಕ್ಕಳನ್ನು ದೂರ ಇಡಿ

ಬಾಗಲಕೋಟೆ, ವಿಜಯಪುರ ಕಡೆ ಸಣ್ಣ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಗು ಏನೋ ತಿಂದು ಮೈಮೇಲೆ ಗಂಧೆ ಎದ್ದರೆ ಸಾಕು, 'ಅಲರ್ಜಿ ಪ್ಯಾಕೇಜ್ ಮಾಡಿಸಿಬಿಡಿ' ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಒಂದು ಸಲ ರಕ್ತ ಕೊಟ್ಟರೆ ಇನ್ನೂರು ಪದಾರ್ಥಗಳ ಪಟ್ಟಿ ಕೈಗೆ ಬರುತ್ತದೆ. ಕೆಂಪು ಅಂದರೆ ತಿನ್ನಬೇಡಿ, ಹಸಿರು ಅಂದರೆ ತಿನ್ನಬಹುದು. ನಮ್ಮ ಮಗಳ ಜೀವಕ್ಕೆ ಕುತ್ತು ತಂದ ಪದಾರ್ಥ ಆ ಪಟ್ಟಿಯಲ್ಲಿ ಹಸಿರು ಬಣ್ಣದಲ್ಲಿತ್ತು.

ಶುರುವಾಗಿದ್ದು ಭೋಗಿ ದಿನ. ನಮ್ಮ ಕಡೆ ಭೋಗಿ ಊಟ ಅಂದರೆ ಗೊತ್ತಲ್ಲ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣೆ, ಎಣಗಾಯಿ, ಶೇಂಗಾ ಹಿಂಡಿ, ಹಸಿ ಗಜ್ಜರಿ. ಮಗಳಿಗೆ ಆಗ ಒಂದೂವರೆ ವರ್ಷ. ಅತ್ತೆ ತೊಡೆ ಮೇಲೆ ಕೂರಿಸಿಕೊಂಡು, ಸಜ್ಜಿ ರೊಟ್ಟಿಯನ್ನು ಬೆಣ್ಣೆಯಲ್ಲಿ ನುರಿದು ತಿನ್ನಿಸುತ್ತಿದ್ದರು. ನಾಲ್ಕು ತುತ್ತು ತಿಂದಿದ್ದಳೋ ಇಲ್ಲವೋ, ಬಾಯಿ ಸುತ್ತ ಕೆರೆದುಕೊಳ್ಳೋಕೆ ಶುರು ಮಾಡಿದಳು. ನೋಡನೋಡುತ್ತಿದ್ದಂತೆ ಕೆಳತುಟಿ ಊದಿತು. ಅಂಗಿ ಎತ್ತಿ ನೋಡಿದರೆ ಹೊಟ್ಟೆ ಮೇಲೆ ಕೆಂಪು ಗಂಧೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ದೊಡ್ಡ ದದ್ದುಗಳಾಗಿದ್ದವು. ಆಮೇಲೆ ವಾಂತಿ. "ಪಿತ್ತ ಎದ್ದಾವ, ಕಂಬಳಿಲೆ ತಿಕ್ಕ್ರಿ" ಅಂದರು ಮನೆಯ ಹಿರಿಯರು. ಹತ್ತಿರದ ಕ್ಲಿನಿಕ್‌ಗೆ ಒಯ್ದೆವು. ಒಂದು ಇಂಜೆಕ್ಷನ್, ಒಂದು ಸಿರಪ್. ಸಂಜೆ ಹೊತ್ತಿಗೆ ಊತ ಇಳಿಯಿತು.

ಯಾವುದರಿಂದ ಹೀಗಾಯಿತು ಅನ್ನೋದು ಗೊತ್ತಾಗಬೇಕಿತ್ತು. ಕೂಸಿಗೆ ಮೂರ್ನಾಲ್ಕು ತಿಂಗಳಿದ್ದಾಗಿನಿಂದಲೂ ಮೊಣಕೈ, ಕೆನ್ನೆ ಮೇಲೆ ಇಸುಬು ಇತ್ತು. ಇಸುಬು ಜೋರಾಗಿರುವ ಕೂಸುಗಳಿಗೆ ಊಟದ ಅಲರ್ಜಿ ಬರುವ ಸಾಧ್ಯತೆ ಜಾಸ್ತಿ. ಆದರೆ ಇದನ್ನು ನಮಗೆ ಆವರೆಗೆ ಯಾರೂ ಹೇಳಿರಲಿಲ್ಲ. ಪರಿಚಯದವರು ಒಂದು ಸೆಂಟರ್ ತೋರಿಸಿದರು. ಬಿಳಿ ಕೋಟು ಹಾಕಿದ್ದ ವ್ಯಕ್ತಿ ರಕ್ತ ತಗೊಂಡರು, ದುಡ್ಡು ತಗೊಂಡರು. ಆವತ್ತು ಮಗು ಏನು ತಿಂದಿತ್ತು, ತಿಂದ ಎಷ್ಟು ಹೊತ್ತಿಗೆ ಹೀಗಾಯಿತು ಅಂತ ಒಂದೇ ಒಂದು ಮಾತು ಕೇಳಲಿಲ್ಲ. ನಾನಾಗಿ ಹೇಳಹೋದರೂ "ಎಲ್ಲಾ ರಿಪೋರ್ಟ್‌ನಲ್ಲಿ ಬರುತ್ತೆ ಮೇಡಂ" ಅಂದರು. ನಿಮಗೆ ಎಲ್ಲಾದರೂ ಹೀಗೇ ಆದರೆ ಅಲ್ಲಿಂದಲೇ ಎದ್ದು ಬನ್ನಿ. ತಿಂದದ್ದು ಏನು ಅಂತ ಕೇಳದೆ ಊಟದ ಅಲರ್ಜಿ ಕಂಡುಹಿಡಿಯೋಕೆ ಯಾರಿಂದಲೂ ಆಗಲ್ಲ.

ರಿಪೋರ್ಟ್ ಬಂತು. ಆಕಳ ಹಾಲು ಕೆಂಪು. ಗೋಧಿ ಕೆಂಪು. ಅಕ್ಕಿ, ತೊಗರಿಬೇಳೆ, ಬಾಳೆಹಣ್ಣು, ಟೊಮ್ಯಾಟೊ, ಮೊಟ್ಟೆ, ಶೇಂಗಾ, ಎಲ್ಲಾ ಕೆಂಪು. ಎಳ್ಳು ಹಸಿರು. ಜೊತೆಗೆ ಹೊಟ್ಟೆ ಸ್ವಚ್ಛ ಮಾಡುತ್ತೆ ಅಂತ ಒಂದು ಡಬ್ಬಿ ಪುಡಿಯನ್ನೂ ಅಲ್ಲೇ ಮಾರಿದರು.

ಹಾಲಿಲ್ಲ, ಮೊಸರಿಲ್ಲ, ಅನ್ನ ಇಲ್ಲ, ಚಪಾತಿ ಇಲ್ಲ, ಬೇಳೆ ಇಲ್ಲ ಅಂದರೆ ಎರಡು ವರ್ಷ ತುಂಬದ ಕೂಸು ಏನು ತಿಂದು ಬೆಳೆಯಬೇಕು ಹೇಳಿ? ಜೋಳದ ರೊಟ್ಟಿ, ಜೋಳದ ಅಂಬಲಿ, ಹೆಸರುಬೇಳೆ ಕಟ್ಟು, ಇಷ್ಟರಲ್ಲೇ ದಿನ ಕಳೆದವು. ಅಂಗನವಾಡಿಯಲ್ಲಿ ತೂಕ ಮಾಡಿದ ಟೀಚರ್ ತಾಯಿ ಕಾರ್ಡ್ ತೆಗೆದು ತೋರಿಸಿದರು. ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗೋದು ಬಿಟ್ಟು ಅಡ್ಡ ಹೊರಟಿತ್ತು. "ಯಾಕ್ರಿ ಅಕ್ಕಾರ, ಕೂಸು ಭಾಳ ಸೊರಗೈತಲ್ರಿ" ಅಂದರು. ರಾತ್ರಿ ಎದ್ದು ಹಾಲಿಗಾಗಿ ಅಳುತ್ತಿದ್ದಳು. ಆ ಅಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಮನೆ ತುಂಬಾ ಉಂಡಿ. ರವಾ ಉಂಡಿ ಬೇಡ, ಅದರಲ್ಲಿ ಗೋಧಿ ಇದೆ. ಶೇಂಗಾ ಉಂಡಿಯಂತೂ ಬೇಡವೇ ಬೇಡ. ತಂಬಿಟ್ಟಿನಲ್ಲಿ ಅಕ್ಕಿ. ಪಟ್ಟಿಯ ಪ್ರಕಾರ ಅವಳಿಗೆ ಕೊಡಬಹುದಾಗಿದ್ದು ಎಳ್ಳುಂಡಿ ಒಂದೇ. ಎಲ್ಲಾ ಮಕ್ಕಳೂ ತಿನ್ನುತ್ತಿದ್ದಾರೆ, ಪಾಪ ಇವಳೂ ತಿನ್ನಲಿ ಅಂತ ಅವರ ದೊಡ್ಡಪ್ಪ ಒಂದು ಚೂರು ಮುರಿದು ಕೈಗೆ ಕೊಟ್ಟರು.

ಈ ಸಲ ಗಂಧೆಗಿಂತ ಮೊದಲು ಕೆಮ್ಮು ಬಂತು. ಬಿಡದ ಒಣ ಕೆಮ್ಮು. ಅಳುವ ದನಿ ಗೊಗ್ಗರಾಯಿತು, ನಮ್ಮ ಮಗಳದ್ದಲ್ಲ ಅನ್ನುವ ಹಾಗೆ. ಉಸಿರು ಎಳೆದುಕೊಳ್ಳುವಾಗ ಸುಂಯ್ ಅನ್ನುವ ಸದ್ದು. ಕಾರಿನಲ್ಲಿ ಹೋಗುವಾಗ ಅಳೋದೇ ನಿಲ್ಲಿಸಿದಳು, ಮೈ ಸಡಿಲವಾಯಿತು, ಮುಖ ಬಿಳಿಚಿಕೊಂಡಿತು. ಹಿಂದಿನ ಸೀಟಿನಲ್ಲಿದ್ದವರು "ಮಲಗಿದಳು, ಆರಾಮಾತು" ಅಂದುಕೊಂಡರು. ಅದು ಆರಾಮ ಅಲ್ಲ, ರಕ್ತದೊತ್ತಡ ಕುಸಿಯುತ್ತಿರುವ ಲಕ್ಷಣ. ಆಸ್ಪತ್ರೆಯ ಬಾಗಿಲಲ್ಲೇ ಡ್ಯೂಟಿ ಡಾಕ್ಟರು ಒಮ್ಮೆ ನೋಡಿದವರೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ತುಟಿಗೆ ಬಣ್ಣ ಬಂತು, ಅತ್ತಳು. ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು ಅಂತ ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು.

ಮರುದಿನ ಮಕ್ಕಳ ಡಾಕ್ಟರು ಆ ಬಣ್ಣದ ರಿಪೋರ್ಟ್ ನೋಡಿದರು. ಅವರು ಹೇಳಿದ್ದನ್ನು ನೀವೂ ತಿಳಿದಿರಬೇಕು. ಆ ಪರೀಕ್ಷೆ ಅಳೆಯೋದು ಐಜಿಜಿ ಅನ್ನುವ ಅಂಶವನ್ನು. ನಾವು ಏನು ತಿನ್ನುತ್ತೇವೋ ಅದಕ್ಕೆಲ್ಲ ದೇಹ ಐಜಿಜಿ ತಯಾರಿಸುತ್ತದೆ. ಹಾಲು ಕುಡಿಯುವ ಕೂಸಿಗೆ ಹಾಲಿನದು ಇರುತ್ತದೆ, ಅನ್ನ ಉಣ್ಣುವವರಿಗೆ ಅಕ್ಕಿಯದು ಇರುತ್ತದೆ. ಅದು ರೋಗ ಅಲ್ಲ, ಆ ಊಟ ದೇಹಕ್ಕೆ ಪರಿಚಯ ಆಗಿದೆ ಅನ್ನೋದರ ಗುರುತು. ಅದಕ್ಕೇ ದಿನಾ ತಿನ್ನುತ್ತಿದ್ದದ್ದೆಲ್ಲ ಕೆಂಪು, ಅಪರೂಪಕ್ಕೆ ತಿಂದ ಎಳ್ಳು ಹಸಿರು. ತಿಂದ ಕೂಡಲೇ ಗಂಧೆ, ಊತ, ಉಸಿರಾಟದ ತೊಂದರೆ ತರುವ ಅಲರ್ಜಿಯ ಹಿಂದಿರೋದು ಐಜಿಇ ಅನ್ನುವ ಇನ್ನೊಂದು ಅಂಶ, ಅದು ಬೇರೆ. ಊಟದ ಅಲರ್ಜಿಗೆ ಐಜಿಜಿ ಪರೀಕ್ಷೆ ಮಾಡಬೇಡಿ ಅಂತ ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆ. ಅಮೆರಿಕ, ಕೆನಡಾದ ತಜ್ಞರೂ ಅದನ್ನೇ ಹೇಳಿದ್ದಾರೆ. ನಮ್ಮ ರಿಪೋರ್ಟ್‌ನ ಕೊನೆ ಪುಟದಲ್ಲೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದರಿಂದ ಅಲರ್ಜಿ ಇದೆ ಇಲ್ಲ ಅಂತ ತೀರ್ಮಾನಿಸಬಾರದು ಅಂತ ಬರೆದಿತ್ತು. ತೀರ್ಮಾನಿಸಬಾರದಾದರೆ ಮಾರೋದು ಯಾಕೆ? ಕೂಸಿನ ಬಾಯಿಂದ ಹಾಲು ಕಿತ್ತುಕೊಳ್ಳೋದು ಯಾಕೆ?

ಆಮೇಲೆ ಹುಬ್ಬಳ್ಳಿಯ ಅಲರ್ಜಿ ಡಾಕ್ಟರ ಹತ್ತಿರ ಹೋದೆವು. ಅವರು ಸೂಜಿ ಮುಟ್ಟುವ ಮೊದಲು ಪಂಚಮಿ ದಿನದ್ದು, ಭೋಗಿ ದಿನದ್ದು ಒಂದೊಂದು ತುತ್ತನ್ನೂ ಕೇಳಿ ಬರೆದುಕೊಂಡರು. ಎರಡೂ ದಿನದಲ್ಲಿ ಇದ್ದದ್ದು ಎಳ್ಳು. ಆಮೇಲೆ ಕೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಹನಿ ಬಿಟ್ಟು, ಚರ್ಮದ ಮೇಲ್ಪದರಕ್ಕಷ್ಟೇ ಮೆಲ್ಲಗೆ ಚುಚ್ಚಿದರು. ಹದಿನೈದು ನಿಮಿಷ ಕಾಯಬೇಕು. ಎಳ್ಳಿನ ಹನಿ ಇಟ್ಟ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ಹಾಲು, ಗೋಧಿ, ಶೇಂಗಾ ಇಟ್ಟ ಕಡೆ ಚರ್ಮ ಹಾಗೇ ಇತ್ತು. ಈ ಪರೀಕ್ಷೆಗೆ ಕೆಲವು ದಿನ ಮೊದಲೇ ಅಲರ್ಜಿ ಸಿರಪ್ ನಿಲ್ಲಿಸಬೇಕು, ಇಲ್ಲದಿದ್ದರೆ ಉಬ್ಬು ಬರಲ್ಲ. ಇನ್ನೊಂದು ಮಾತು. ಚರ್ಮದ ಪರೀಕ್ಷೆ ಇರಲಿ, ಐಜಿಇ ರಕ್ತ ಪರೀಕ್ಷೆ ಇರಲಿ, ಅದೊಂದೇ ನೋಡಿ ಅಲರ್ಜಿ ಅನ್ನೋಕೆ ಬರಲ್ಲ. ಪರೀಕ್ಷೆಯಲ್ಲಿ ಕಂಡರೂ ತಿಂದಾಗ ಏನೂ ಆಗದ ಮಕ್ಕಳು ಎಷ್ಟೋ ಇದ್ದಾರೆ. ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ, ಡಾಕ್ಟರ ಕಣ್ಣೆದುರು, ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ ನೋಡುತ್ತಾರೆ. ನಮ್ಮ ಮಗಳಿಗೆ ಹಾಲನ್ನು ಹಾಗೇ ಮತ್ತೆ ಶುರು ಮಾಡಿದರು. ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡವಳು ಬಿಡಲೇ ಇಲ್ಲ.

ಲಕ್ಷಣಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಂಥ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಬರೀ ನಾಲ್ಕು ಗಂಧೆ, ಬಾಯಿ ಸುತ್ತ ಕೆಂಪು ಆದರೆ ಡಾಕ್ಟರಿಗೆ ತೋರಿಸಿ, ಮಗುವಿನ ಮೇಲೆ ಕಣ್ಣಿಡಿ. ಆದರೆ ಬಿಡದ ಕೆಮ್ಮು, ಉಸಿರಿನ ಸದ್ದು, ದನಿ ಬದಲಾಗೋದು, ನಾಲಿಗೆ ಊದೋದು, ಮೈ ಸಡಿಲವಾಗೋದು, ಮುಖ ಬಿಳಿಚೋದು ಇವುಗಳಲ್ಲಿ ಒಂದು ಬಂದರೂ ಅದು ಜೀವಕ್ಕೆ ಅಪಾಯ. ಗಂಧೆಯ ಜೊತೆ ಪದೇ ಪದೇ ವಾಂತಿ ಆದರೂ ಹಾಗೇ. ಮೈಮೇಲೆ ಗಂಧೆ ಇಲ್ಲ ಅಂತ ಸುಮ್ನೆ ಕೂರಬೇಡಿ, ಕೆಲವು ಸಲ ಗಂಧೆ ಏಳೋದೇ ಇಲ್ಲ. ಆಗ ಕೆಲಸ ಮಾಡುವ ಔಷಧ ಅಡ್ರಿನಲಿನ್, ತೊಡೆಯ ಹೊರಭಾಗದ ಮಾಂಸಕ್ಕೆ. ಅಲರ್ಜಿ ಸಿರಪ್ ತುರಿಕೆ ಕಡಿಮೆ ಮಾಡುತ್ತದೆ, ಉಸಿರು ಉಳಿಸಲ್ಲ. ಸಿರಪ್ ಕುಡಿಸಿ ನೋಡೋಣ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ಮಗುವನ್ನು ಅಡ್ಡ ಮಲಗಿಸಿಕೊಳ್ಳಿ, ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಓಡಬೇಡಿ, ನಡೆಸಲೇಬೇಡಿ. ವಾಂತಿ ಇದ್ದರೆ ಮಗ್ಗುಲಿಗೆ ತಿರುಗಿಸಿ. ಉಸಿರಾಡೋಕೆ ತುಂಬಾ ಕಷ್ಟಪಡುತ್ತಿದ್ದರೆ ಕೂರಿಸಿಕೊಳ್ಳಿ.

ನಮ್ಮ ಡಾಕ್ಟರು ಅಡ್ರಿನಲಿನ್ ಬರೆದುಕೊಟ್ಟಿದ್ದಾರೆ. ಹೊರದೇಶದಲ್ಲಿ ಸಿಗುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಕಡೆ ಸುಲಭವಾಗಿ ಸಿಗಲ್ಲ. 1 ಮಿಲಿಯ ಸಣ್ಣ ಗಾಜಿನ ಆಂಪೂಲ್ ಮೆಡಿಕಲ್‌ನಲ್ಲಿ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಮಗುವಿನ ತೂಕಕ್ಕೆ ತಕ್ಕಂತೆ, ಕೆಜಿಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಎಲ್ಲಿಯವರೆಗೆ ಎಳೆಯಬೇಕು ಅಂತ ಡಾಕ್ಟರೇ ಸಿರಿಂಜ್ ಮೇಲೆ ಗೆರೆ ಹಾಕಿ, ನನ್ನ ಕೈಯಲ್ಲಿ ಬರೀ ನೀರು ತುಂಬಿಸಿ ಅಭ್ಯಾಸ ಮಾಡಿಸಿದರು. ಇದನ್ನು ಓದಿ ನೀವೇ ತಂದು ಇಟ್ಟುಕೊಳ್ಳಬೇಡಿ. ನಿಮ್ಮ ಡಾಕ್ಟರನ್ನು ಕೇಳಿ, ಅವರ ಎದುರೇ ಕಲಿಯಿರಿ.

ನಮ್ಮ ಅಡುಗೆಯಲ್ಲಿ ಎಳ್ಳು ಇಲ್ಲದ ಕಡೆ ಹುಡುಕೋದೇ ಕಷ್ಟ. ಎಣಗಾಯಿಯ ಮಸಾಲೆಯಲ್ಲಿ ಇರುತ್ತದೆ, ಕಡಕ್ ರೊಟ್ಟಿ ಮೇಲೆ ಇರುತ್ತದೆ, ಹೋಳಿಗೆಯಲ್ಲಿ, ಚಕ್ಕಲಿಯಲ್ಲಿ, ಸಂಕ್ರಾಂತಿಯ ಕುಸುರೆಳ್ಳಿನಲ್ಲಿ. ಗಾಣದ ಎಳ್ಳೆಣ್ಣೆಯಲ್ಲೂ ಎಳ್ಳಿನ ಅಂಶ ಉಳಿದಿರುತ್ತದೆ, ಅದಕ್ಕೆ ಅದನ್ನೂ ಬಿಟ್ಟಿದ್ದೇವೆ. ಗುರೆಳ್ಳು ಬೇರೆ ಜಾತಿಯ ಗಿಡ. ಆದರೆ ಒಂದೇ ಒಳಕಲ್ಲಿನಲ್ಲಿ, ಒಂದೇ ಮಿಕ್ಸಿಯಲ್ಲಿ ಎರಡನ್ನೂ ಕುಟ್ಟಿ ಪುಡಿ ಮಾಡುತ್ತಾರೆ, ಹಾಗಾಗಿ ಹೊರಗಿನ ಗುರೆಳ್ಳು ಹಿಂಡಿಯೂ ನಮಗೆ ಬೇಡ. ಪ್ಯಾಕೆಟ್ ತಿಂಡಿ ಕೊಳ್ಳುವವರು ಒಂದು ವಿಷಯ ಗಮನಿಸಿ. 2020ರ ನಮ್ಮ ದೇಶದ ಲೇಬಲ್ ನಿಯಮದಲ್ಲಿ ಹಾಲು, ಮೊಟ್ಟೆ, ಶೇಂಗಾ, ಸೋಯಾ, ಗೋಧಿಯಂಥವುಗಳಿಗೆ ಅಲರ್ಜಿ ಎಚ್ಚರಿಕೆ ಬರೆಯಬೇಕು ಅಂತ ಇದೆ, ಎಳ್ಳಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅಲರ್ಜಿ ಸಾಲು ಓದಿ ಬಿಡಬೇಡಿ, ಒಳಗೆ ಹಾಕಿದ ಪದಾರ್ಥಗಳ ಪಟ್ಟಿ ಪೂರ್ತಿ ಓದಿ. ನಮ್ಮಲ್ಲಿ ಜಾತ್ರೆ, ಮದುವೆಗಳಲ್ಲಿ ಯಾರೋ ಪ್ರೀತಿಯಿಂದ ಮಕ್ಕಳ ಬಾಯಿಗೆ ಏನಾದರೂ ಇಡುತ್ತಾರೆ. ಅವರಿಗೆ ಬೇಜಾರಾದರೂ ಚಿಂತೆಯಿಲ್ಲ, ಬೇಡ ಅನ್ನಿ. ಅಂಗನವಾಡಿ ಟೀಚರಿಗೆ ಬಾಯಿ ಮಾತಲ್ಲಿ ಹೇಳೋದರ ಜೊತೆ ಚೀಟಿಯಲ್ಲೂ ಬರೆದುಕೊಟ್ಟಿದ್ದೇನೆ.

ಇದನ್ನು ಓದಿ ಹೆದರಿ, ಏನೂ ಆಗದ ಕೂಸಿಗೂ ಶೇಂಗಾ, ಮೊಟ್ಟೆ ನಿಲ್ಲಿಸಬೇಡಿ. ತಡ ಮಾಡಿದಷ್ಟೂ ತೊಂದರೆ ಅಂತ ಈಗ ಗೊತ್ತಾಗಿದೆ. 2015ರಲ್ಲಿ ಲಂಡನ್ನಿನ ಒಂದು ದೊಡ್ಡ ಅಧ್ಯಯನ ಬಂತು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳು, 4ರಿಂದ 11 ತಿಂಗಳ ವಯಸ್ಸು. ಅರ್ಧ ಮಕ್ಕಳಿಗೆ ಶೇಂಗಾ ತಿನ್ನಿಸಿದರು, ಅರ್ಧ ಮಕ್ಕಳಿಗೆ ದೂರ ಇಟ್ಟರು. ಐದು ವರ್ಷಕ್ಕೆ ನೋಡಿದರೆ ತಿಂದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಸುಮಾರು 80 ಶೇಕಡಾ ಕಡಿಮೆ ಇತ್ತು. ಕೊಡುವಾಗ ನುಣ್ಣಗೆ ಪುಡಿ ಮಾಡಿ, ಗಂಜಿಯಲ್ಲಿ ಕಲಸಿ ಕೊಡಬೇಕು. ಇಡೀ ಕಾಳು ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೂಸಿಗೆ ಇಸುಬು ಜೋರಾಗಿದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.

ಅಂಥ ಬಣ್ಣದ ರಿಪೋರ್ಟ್ ಈಗಾಗಲೇ ನಿಮ್ಮ ಮನೆಯಲ್ಲಿದ್ದು, ಅದನ್ನು ನೋಡಿ ಮಗುವಿಗೆ ಹಾಲು, ಮೊಟ್ಟೆ ನಿಲ್ಲಿಸಿದ್ದರೆ ನೀವಾಗಿ ಇವತ್ತೇ ಮತ್ತೆ ಶುರು ಮಾಡಬೇಡಿ. ಬಹಳ ದಿನ ಬಿಟ್ಟ ಪದಾರ್ಥ, ಅದರಲ್ಲೂ ಇಸುಬು ಇರುವ ಮಗುವಿಗೆ, ಮತ್ತೆ ಕೊಟ್ಟಾಗ ತೊಂದರೆ ಕೊಡಬಹುದು. ರಿಪೋರ್ಟ್, ತಾಯಿ ಕಾರ್ಡ್ ಎರಡನ್ನೂ ತಗೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಯಾವ ದಿನ, ಏನು, ಎಷ್ಟು ತಿಂದ ಮೇಲೆ, ಎಷ್ಟು ಹೊತ್ತಿಗೆ ಏನಾಯಿತು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಗಂಧೆ ಎದ್ದಾಗ ಫೋನಿನಲ್ಲಿ ತೆಗೆದ ಫೋಟೋ ಇದ್ದರೆ ಅದನ್ನೂ ತೋರಿಸಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ.